ಕೊಳ್ಳದೆ ಇರಲಿಕ್ಕೆ ಆಗುವುದಿಲ್ಲ: ಖರ್ಚಿನ ಚಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದುಡ್ಡಿನ ಶಿಸ್ತಿಗೆ ನಮ್ಮ ಕರಾವಳಿ ಹೆಸರುವಾಸಿ. ಮಂಗಳೂರಿನ ಕೆನರಾ ಬ್ಯಾಂಕ್ ಮತ್ತು ಉಡುಪಿಯ ಕಾರ್ಪೊರೇಶನ್ ಬ್ಯಾಂಕ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಹುಟ್ಟಿದ್ದು ಇಲ್ಲೇ. ಬಹುಶಃ ಅದಕ್ಕೇ, ಖರ್ಚು ಕೈಮೀರಿದವರು ಇಲ್ಲಿ ಅದನ್ನು ಹೇಳಿಕೊಳ್ಳಲು ಇನ್ನೂ ಜಾಸ್ತಿ ನಾಚುತ್ತಾರೆ. ಕುಡಿತದ ಬಗ್ಗೆಯಾದರೂ ಮಾತಾಡುತ್ತಾರೆ, ಇದರ ಬಗ್ಗೆ ಇಲ್ಲ. ಅಂಥವರೂ ಅವರ ಮನೆಯವರೂ ದನಿ ತಗ್ಗಿಸಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಬರೆದವನು ವೈದ್ಯನಲ್ಲ. ದುಡ್ಡಿನ ಲೆಕ್ಕದ ಕಡೆಯಿಂದ ಇದನ್ನು ನೋಡುತ್ತಾ ಬಂದವನು.

ನಾನು ಖರ್ಚು ಸ್ವಲ್ಪ ಜಾಸ್ತಿ ಮಾಡುತ್ತೇನೆ, ಅಷ್ಟೇ. ಅದು ಚಟ ಅಂತ ಹೇಗೆ ಗೊತ್ತಾಗುವುದು?

ಮೊತ್ತ ನೋಡಿ ಹೇಳಲಿಕ್ಕೆ ಆಗುವುದಿಲ್ಲ. ತಿಂಗಳಿಗೆ ಲಕ್ಷ ಖರ್ಚು ಮಾಡಿ ನೆಮ್ಮದಿಯಾಗಿ ಇರುವವರಿದ್ದಾರೆ. ಇನ್ನೂರು ಮುನ್ನೂರು ರೂಪಾಯಿಯ ಕ್ಲಿಪ್ಪು, ಡಬ್ಬಿ, ಮೊಬೈಲ್ ಕವರ್‌ಗಳಲ್ಲೇ ಸಿಕ್ಕಿಬಿದ್ದವರೂ ಇದ್ದಾರೆ.

ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಬೇರೆ. ಪಾರ್ಸೆಲ್ ಮನೆಯವರ ಕಣ್ಣಿಗೆ ಬೀಳಬಾರದು ಅಂತ ಆಫೀಸಿನ ವಿಳಾಸ ಕೊಡುತ್ತೀರಾ? 1,800ರ ಚೂಡಿದಾರಕ್ಕೆ ಮನೆಯಲ್ಲಿ 600 ಅನ್ನುತ್ತೀರಾ? ಕಪಾಟಿನಲ್ಲಿ ಚೀಟಿ ಕೂಡ ಕಿತ್ತಿರದ ಬಟ್ಟೆ ಇದೆಯಾ? ಆರ್ಡರ್ ಮಾಡುವಾಗ ಇದ್ದ ಖುಷಿ ಪೆಟ್ಟಿಗೆ ಒಡೆಯುವ ಹೊತ್ತಿಗೆ ಹೋಗಿರುತ್ತದಾ? ‘ಇನ್ನು ಸಾಕು’ ಅಂತ ಆ್ಯಪ್ ಅಳಿಸಿ, ಅದೇ ವಾರ ಮತ್ತೆ ಹಾಕಿಕೊಂಡದ್ದು ಉಂಟಾ? ಬ್ಯಾಂಕಿನ ಮೆಸೇಜ್ ಬಂದರೆ ಓದದೆ ಪಕ್ಕಕ್ಕೆ ತಳ್ಳುತ್ತೀರಾ? ಇವುಗಳಲ್ಲಿ ಎರಡು ಮೂರಕ್ಕೆ ಹೌದು ಅಂದರೆ ಮುಂದೆ ಓದಿ. ಎಲ್ಲಕ್ಕಿಂತ ಜೋರಾದ ಗುರುತು ಮುಚ್ಚಿಡುವುದು. ತಪ್ಪಿಲ್ಲದ ಖರ್ಚನ್ನು ಯಾರೂ ಗೋಣಿಯಲ್ಲಿ ಕಟ್ಟಿ ಅಟ್ಟಕ್ಕೆ ಹಾಕುವುದಿಲ್ಲ, ಅಲ್ವಾ?

ಒಂದು ಮಾತು. ಬಾಡಿಗೆ, ಶಾಲೆ ಫೀಸು, ಆಸ್ಪತ್ರೆ ಬಿಲ್ಲಿಗೆ ಸಂಬಳ ಸಾಲದೆ ಸಾಲ ಆಗಿದ್ದರೆ ಅದು ಚಟ ಅಲ್ಲ, ಆದಾಯ ಸಾಲದ ಕಷ್ಟ. ಅಂಥವರಿಗೆ ‘ಖರ್ಚು ಹಿಡಿತದಲ್ಲಿಡಿ’ ಅನ್ನುವುದು ಗಾಯಕ್ಕೆ ಉಪ್ಪು ಹಾಕಿದ ಹಾಗೆ.

ಇದು ನಿಜವಾಗಿ ಕಾಯಿಲೆಯಾ, ಅಥವಾ ಕೊಬ್ಬಾ?

ಕೊಬ್ಬು ಅನ್ನುವವರು ಊರಲ್ಲಿ ಸಿಗುತ್ತಾರೆ. ಆದರೆ ಜರ್ಮನಿಯ ಮನೋವೈದ್ಯ ಎಮಿಲ್ ಕ್ರೇಪಲಿನ್ 20ನೇ ಶತಮಾನದ ಆರಂಭದಲ್ಲೇ ಇದನ್ನು ವಿವರಿಸಿದ್ದರು. ಆಗ ಮೊಬೈಲೂ ಇರಲಿಲ್ಲ, ಸೇಲೂ ಈ ಮಟ್ಟದ್ದಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11, 2022ರಿಂದ ಜಾರಿಯಲ್ಲಿದೆ. ಅದು ತಡೆಯಲಾಗದ ಖರೀದಿಯನ್ನು ಹಠಾತ್ ಪ್ರಚೋದನೆ ಹಿಡಿತಕ್ಕೆ ಸಿಗದ ತೊಂದರೆಗಳ ಗುಂಪಿನಲ್ಲಿ ಉದಾಹರಣೆಯಾಗಿ ಹೆಸರಿಸುತ್ತದೆ. ಅಮೆರಿಕದ ಮನೋವೈದ್ಯರ 2013ರ ಕೈಪಿಡಿ ಅದಕ್ಕೆ ಪ್ರತ್ಯೇಕ ಹೆಸರು ಕೊಟ್ಟಿಲ್ಲ. ಪಂಡಿತರ ಚರ್ಚೆ ಅವರಿಗಿರಲಿ. ನಿಮ್ಮ ನಿದ್ದೆ, ಸಂಸಾರ, ಸಂಬಳ ಇದರಿಂದ ಹಾಳಾಗುತ್ತಿದ್ದರೆ ಸಹಾಯ ಕೇಳಲು ಅಷ್ಟೇ ಸಾಕು.

ಬೇಡ ಅಂತ ಗೊತ್ತಿದ್ದೂ ಯಾಕೆ ಕೊಳ್ಳುತ್ತೇನೆ?

ಯಾಕೆಂದರೆ ಹೆಚ್ಚಿನ ಸಲ ನೀವು ಕೊಳ್ಳುವುದು ಆ ವಸ್ತುವಿಗಾಗಿ ಅಲ್ಲ, ಅದಕ್ಕೆ ಮೊದಲಿನ ಹತ್ತು ನಿಮಿಷ ದಾಟುವುದಕ್ಕಾಗಿ. ಅತ್ತೆಯ ಒಂದು ಮಾತು ಚುಚ್ಚಿರುತ್ತದೆ. ಮ್ಯಾನೇಜರ್ ಎಲ್ಲರೆದುರು ಬೈದಿರುತ್ತಾರೆ. ಅಥವಾ ಎಂತದೂ ಇಲ್ಲ, ಮಧ್ಯಾಹ್ನದ ಮಳೆ, ಕರೆಂಟಿಲ್ಲ, ಬೇಸರ. ಫೋನ್ ಕೈಗೆ ಬರುತ್ತದೆ. ನೋಡುವಾಗ ಮನಸ್ಸು ಹಗುರಾಗುತ್ತದೆ. ಆ ಹಗುರ ನಿಲ್ಲಬಾರದು ಅಂತ ಹಣ ಕಟ್ಟುತ್ತೀರಿ. ಕಟ್ಟಿದ ಮೇಲೆ ತಪ್ಪಿತಸ್ಥ ಭಾವ ಬರುತ್ತದೆ, ಅದನ್ನು ಮರೆಯಲು ಮತ್ತೆ ಫೋನ್.

ಮಿದುಳಿನಲ್ಲಿ ಖುಷಿಯ ರಾಸಾಯನಿಕ ಅಂತ ಎಲ್ಲರೂ ಹೇಳುವ ಡೋಪಮೈನ್, ಸಿಕ್ಕಿದಾಗಿನ ಸುಖಕ್ಕಿಂತ ‘ಸಿಗಲಿದೆ’ ಎಂಬ ನಿರೀಕ್ಷೆಗೇ ಜಾಸ್ತಿ ಕೆಲಸ ಮಾಡುತ್ತದೆ. ಅದಕ್ಕೇ ‘ನಿಮ್ಮ ಪಾರ್ಸೆಲ್ ಹೊರಟಿದೆ’ ಎಂಬ ಮೆಸೇಜು ಪಾರ್ಸೆಲ್‌ಗಿಂತ ಚಂದ ಕಾಣುವುದು.

ಒಂದೆರಡು ವಾರ ಒಂದು ಕೆಲಸ ಮಾಡಿ. ಖರ್ಚಿನ ಲೆಕ್ಕ ಬರೆಯುವ ಮೊದಲು ಸಮಯ ಬರೆಯಿರಿ: ಕೊಳ್ಳಬೇಕು ಅನಿಸಿದ್ದು ಎಷ್ಟು ಗಂಟೆಗೆ, ಎಲ್ಲಿ, ಅದಕ್ಕೆ ಮುಂಚೆ ಏನಾಯಿತು. ನೀವು ಕೊಂಡಿರಲಿ ಬಿಡಲಿ, ಬರೆಯಿರಿ. ಹೆಚ್ಚಿನವರಿಗೆ ಒಂದೇ ಎರಡೇ ಹೊತ್ತು ಎದ್ದು ಕಾಣುತ್ತದೆ. ಮಕ್ಕಳು ಮಲಗಿದ ಮೇಲೆ ಹತ್ತೂವರೆಯಿಂದ ಹನ್ನೆರಡು ಒಂದು. ಸಂಬಳ ಬಿದ್ದ ದಿನ ಇನ್ನೊಂದು. ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ದಿನಾ ಓಡಾಡುವವರಿಗೆ ಆ ಬಸ್ಸಿನ ಸೀಟೇ ಅಂಗಡಿ. ಪಡುಬಿದ್ರಿಯಲ್ಲಿ ನೋಡಲು ಶುರು ಮಾಡಿದ್ದು ಸುರತ್ಕಲ್ ಬರುವಷ್ಟರಲ್ಲಿ ಆರ್ಡರ್ ಆಗಿರುತ್ತದೆ. ಹೊತ್ತು ಗೊತ್ತಾದರೆ ಆ ಒಂದು ಹೊತ್ತಿಗೆ ಮಾತ್ರ ಬೇರೆ ವ್ಯವಸ್ಥೆ ಮಾಡಿದರೆ ಸಾಕು. ಇಡೀ ದಿನ ಕಾವಲು ಕಾಯಬೇಕಾಗಿಲ್ಲ.

ಮನಸ್ಸು ಗಟ್ಟಿ ಮಾಡಿದರೆ ಆಗುವುದಿಲ್ಲವಾ?

ಮನಸ್ಸು ಗಟ್ಟಿ ಇರುವುದು ಬೆಳಿಗ್ಗೆ. ಖರೀದಿ ಆಗುವುದು ರಾತ್ರಿ. ಹಾಗಾಗಿ ಗಟ್ಟಿ ಇರುವ ಹೊತ್ತಿನಲ್ಲಿ ಮಾಡುವ ಕೆಲಸ ಒಂದೇ: ಆಸೆ ಹುಟ್ಟುವುದಕ್ಕೂ ದುಡ್ಡು ಹೋಗುವುದಕ್ಕೂ ನಡುವಿನ ದಾರಿಯನ್ನು ಉದ್ದ ಮಾಡಿಡುವುದು.

ಮೊದಲು ಆ ದಾರಿ ತನ್ನಷ್ಟಕ್ಕೇ ಉದ್ದ ಇತ್ತು. ಸೀರೆ ಬೇಕು ಅಂದರೆ ಬಸ್ಸು ಹಿಡಿದು ಮಂಗಳೂರಿನ ಸ್ಟೇಟ್ ಬ್ಯಾಂಕ್ ಸ್ಟಾಪಿನಲ್ಲಿ ಇಳಿಯಬೇಕು, ಹಂಪನಕಟ್ಟೆಗೆ ನಡೆಯಬೇಕು, ನಾಲ್ಕು ಅಂಗಡಿ ಹತ್ತಬೇಕು, ಚೌಕಾಸಿ ಮಾಡಬೇಕು, ಜತೆಗೆ ಬಂದ ಅಕ್ಕ ‘ಇದೇ ಬಣ್ಣದ್ದು ನಿನ್ನತ್ರ ಉಂಟಲ್ಲ’ ಅನ್ನಬೇಕು. ಅಷ್ಟರಲ್ಲಿ ಅರ್ಧ ಆಸೆ ಇಳಿಯುತ್ತಿತ್ತು. ಈಗ ಅಕ್ಕನೂ ಇಲ್ಲ, ಬಸ್ಸೂ ಇಲ್ಲ. ಹೆಬ್ಬೆರಳೊಂದೇ. ಮುಂದಿನ ಉತ್ತರಗಳೆಲ್ಲ ಹೆಚ್ಚುಕಡಿಮೆ ಆ ದಾರಿಯನ್ನು ಮತ್ತೆ ಉದ್ದ ಮಾಡುವ ಬಗೆಗಳೇ.

ಹಾಗಾದರೆ ಫೋನಿನಲ್ಲಿ ಏನೇನು ಬದಲಾಯಿಸಬೇಕು?

ಇದಕ್ಕೆ ಒಂದು ಭಾನುವಾರ ಬೆಳಿಗ್ಗೆ ಇಡಿ. ಜತೆಗೆ ಮನೆಯವರೊಬ್ಬರು ಕುಳಿತರೆ ಒಳ್ಳೆಯದು.

ಖರೀದಿ ಆ್ಯಪ್‌ಗಳಲ್ಲಿ ಉಳಿಸಿಟ್ಟ ಕಾರ್ಡ್‌ಗಳನ್ನೆಲ್ಲ ಅಳಿಸಿ. ಪ್ರತಿ ಸಲ 16 ಅಂಕಿ ಹೊಡೆಯಬೇಕಾದರೆ ಎದ್ದು ಪರ್ಸ್ ತರಬೇಕು. ಆ ಏಳುವುದೇ ಔಷಧಿ. ಆಮೇಲೆ ಆ್ಯಪ್ ತೆಗೆಯಿರಿ. ಬೇಕಾದರೆ ಬ್ರೌಸರ್‌ನಲ್ಲಿ ಹೋಗಿ ಕೊಳ್ಳಬಹುದು, ಅದು ನಿಧಾನ, ಕಿರಿಕಿರಿ. ಕಿರಿಕಿರಿ ಇರಲಿ ಅಂತಲೇ ಹೇಳುತ್ತಿದ್ದೇನೆ.

ಕಾರ್ಡಿನ ಮಿತಿ ಇಳಿಸಿ. ಆರ್‌ಬಿಐ ನಿಯಮದಂತೆ 2020ರ ಅಕ್ಟೋಬರ್‌ನಿಂದ ಎಲ್ಲ ಬ್ಯಾಂಕುಗಳೂ ಈ ಸೌಲಭ್ಯ ಕೊಡಬೇಕು: ಆನ್‌ಲೈನ್ ಬಳಕೆ, ವಿದೇಶಿ ಬಳಕೆ, ತಾಗಿಸಿ ಪಾವತಿಸುವುದು ಎಲ್ಲವನ್ನೂ ಬೇರೆ ಬೇರೆಯಾಗಿ ನೀವೇ ಬಂದ್ ಮಾಡಬಹುದು, ಮಿತಿ ಹಾಕಬಹುದು. ಬ್ಯಾಂಕಿನ ಆ್ಯಪ್‌ನಲ್ಲಿ ಐದು ನಿಮಿಷದ ಕೆಲಸ. ನಾವು ಬಳಸುವುದಿಲ್ಲ, ಅಷ್ಟೇ.

ಯುಪಿಐಗೆ ಸಂಬಳದ ಖಾತೆ ಜೋಡಿಸಬೇಡಿ. ಇನ್ನೊಂದು ಸಣ್ಣ ಖಾತೆ ಜೋಡಿಸಿ, ವಾರಕ್ಕೆ ಇಂತಿಷ್ಟು ಅಂತ ಅದಕ್ಕೆ ಹಾಕಿ. ಮುಗಿದರೆ ಮುಗಿಯಿತು. ಯುಪಿಐ ಲೈಟ್ ಇದ್ದರೆ ಮುಚ್ಚಿ. ಸಣ್ಣ ಮೊತ್ತ ಪಿನ್ ಕೇಳದೆ ಹೋಗುವುದು ಬೇರೆಯವರಿಗೆ ಅನುಕೂಲ, ನಿಮಗೆ ತೂತು. ಯುಪಿಐಗೆ ಕ್ರೆಡಿಟ್ ಕಾರ್ಡ್ ಜೋಡಿಸಿದ್ದರೆ ಅದನ್ನೂ ತೆಗೆಯಿರಿ. ಆಟೋ-ಪೇ ಪಟ್ಟಿ ತೆರೆದು ನೋಡಿ. ಮರೆತುಹೋದ ಚಂದಾಗಳು ಅಲ್ಲಿ ಪ್ರತಿ ತಿಂಗಳೂ ಸದ್ದಿಲ್ಲದೆ ತಿನ್ನುತ್ತಿರುತ್ತವೆ.

ಕೊನೆಗೆ ಸೇಲ್‌ನ ನೋಟಿಫಿಕೇಶನ್, ಇನ್‌ಸ್ಟಾಗ್ರಾಮ್‌ನಲ್ಲಿ ಸೀರೆ ತೋರಿಸುವ ಪೇಜು, ‘ಇವತ್ತಿನ ಹೊಸ ಸ್ಟಾಕ್’ ಹಾಕುವ ವಾಟ್ಸ್ಆ್ಯಪ್ ಗುಂಪು. ಎಲ್ಲ ಬಂದ್. ಗುಂಪಿನಲ್ಲಿ ಪರಿಚಯದವರೇ ಮಾರುತ್ತಿದ್ದರೆ ಬಿಡಲು ಮುಜುಗರ ಆಗುತ್ತದೆ. ಮ್ಯೂಟ್ ಮಾಡಿ ಆರ್ಕೈವ್‌ಗೆ ಹಾಕಿ, ಯಾರಿಗೂ ಗೊತ್ತಾಗುವುದಿಲ್ಲ.

ಆದರೂ ಆಸೆ ಬಂದರೆ?

ಬರುತ್ತದೆ. ಒಂದು ಪುಸ್ತಕದಲ್ಲಿ ವಸ್ತು, ಬೆಲೆ, ತಾರೀಕು ಬರೆದು ಮೂರು ರಾತ್ರಿ ಬಿಡಿ. 5,000ಕ್ಕಿಂತ ಮೇಲಾದರೆ ಮುಂದಿನ ಸಂಬಳದವರೆಗೆ. ಮೂರು ರಾತ್ರಿ ಕಳೆದೂ ಬೇಕು ಅನಿಸಿದರೆ, ದುಡ್ಡಿದ್ದರೆ, ಕೊಳ್ಳಿ. ಆ ಪಟ್ಟಿಯಲ್ಲಿ ಎಷ್ಟು ಸಾಲು ತನ್ನಷ್ಟಕ್ಕೇ ಸತ್ತುಹೋಗುತ್ತದೆ ಅಂತ ನೋಡುವಾಗ ನಗು ಬರುತ್ತದೆ.

ಆಪ್‌ನ ‘ಕಾರ್ಟ್’ನಲ್ಲಿ ಹಾಕಿ ಕಾಯಬೇಡಿ. ಅದು ನಿಮಗೆ ದಿನಾ ನೆನಪಿಸುತ್ತದೆ, ಬೆಲೆ ಇಳಿಸಿ ಕರೆಯುತ್ತದೆ.

ನಗದು ಬಳಸಿದರೆ ಪ್ರಯೋಜನ ಉಂಟಾ?

ಉಂಟು. 500ರ ನೋಟು ಮುರಿಯುವಾಗ ಕೈಗೆ ಗೊತ್ತಾಗುತ್ತದೆ, ಸ್ಕ್ಯಾನ್ ಮಾಡುವಾಗ ಗೊತ್ತಾಗುವುದಿಲ್ಲ. ಮೀನು, ತರಕಾರಿ, ಹೋಟೆಲ್, ರಿಕ್ಷಾ ಇಷ್ಟಕ್ಕಾದರೂ ವಾರದ ಮೊತ್ತ ಲಕೋಟೆಯಲ್ಲಿಡಿ. ಆದರೆ ‘ಮನೆಗೆ ಬಂದ ಮೇಲೆ ನಗದು’ ಎಂಬ ಆನ್‌ಲೈನ್ ಆಯ್ಕೆಯನ್ನು ಇದರ ಜತೆ ಸೇರಿಸಬೇಡಿ. ಆರ್ಡರ್ ಮಾಡುವ ಕ್ಷಣದಲ್ಲಿ ದುಡ್ಡೇ ಹೋಗದ ಕಾರಣ ಅದು ಇನ್ನೂ ಸಲೀಸು.

ಸೇಲ್‌ನಲ್ಲಿ ಅರ್ಧ ಬೆಲೆಗೆ ಸಿಕ್ಕಿದರೆ ಲಾಭ ತಾನೇ?

2,000ದ್ದು 1,000ಕ್ಕೆ ತಂದರೆ 1,000 ಉಳಿಯಿತು ಅನ್ನುತ್ತೇವೆ. ತರದಿದ್ದರೆ ಎಷ್ಟು ಉಳಿಯುತ್ತಿತ್ತು?

ತಮಾಷೆ ನೋಡಿ. ನಮ್ಮಲ್ಲಿ ಆಟಿ ಅಂದರೆ ಕೈಬಿಗಿಯ ತಿಂಗಳು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊರಗೆ ಸುರಿಯುವ ಮಳೆ, ಮನೆಯಲ್ಲಿ ಹಲಸಿನ ಬೀಜ, ಕೆಸುವಿನ ಪತ್ರೊಡೆ. ಯಾರೂ ಅಂಗಡಿಗೆ ಬರುವುದಿಲ್ಲ ಅಂತ ಹೆದರಿ ವ್ಯಾಪಾರಿಗಳು ಹಾಕಿದ ರಿಯಾಯಿತಿಯೇ ಈಗ ದೊಡ್ಡ ಆಟಿ, ಆಷಾಢ ಸೇಲ್ ಆಗಿ, ಖರ್ಚಿಲ್ಲದ ತಿಂಗಳೇ ಖರ್ಚಿನ ತಿಂಗಳಾಗಿದೆ.

ಆನ್‌ಲೈನ್‌ನ ಕೆಲವು ತಂತ್ರಗಳು ಬರೀ ಚಾಲಾಕಿತನ ಅಲ್ಲ, ನಿಷಿದ್ಧ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಇಂಥ 13 ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿ ತಡೆದಿದೆ. ‘ಇನ್ನು ಎರಡೇ ಉಳಿದಿದೆ’ ಅಂತ ಸುಳ್ಳು ಅವಸರ ಹುಟ್ಟಿಸುವುದು, ನೀವು ಕೇಳದ ವಿಮೆಯನ್ನೋ ದೇಣಿಗೆಯನ್ನೋ ಬಿಲ್ಲಿಗೆ ಸೇರಿಸುವುದು, ಬೇಡ ಅನ್ನಲು ನಾಚಿಕೆಯಾಗುವ ಹಾಗೆ ಗುಂಡಿಯ ಮೇಲೆ ಬರೆಯುವುದು, ಚಂದಾ ರದ್ದು ಮಾಡುವ ಜಾಗ ಅಡಗಿಸಿಡುವುದು ಇವೆಲ್ಲ ಅದರಲ್ಲಿವೆ. ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ತಂತ್ರದ ಗುರುತು ಹಿಡಿದರೆ ಆಸೆ ಸಿಟ್ಟಾಗಿ ತಿರುಗುತ್ತದೆ. ಆ ಸಿಟ್ಟು ಉಪಯೋಗಕ್ಕೆ ಬರುತ್ತದೆ.

ನಾನು ಕೊಳ್ಳುವುದು ಚಿನ್ನ. ಅದು ಉಳಿತಾಯ ಅಲ್ವಾ?

ಈ ಪ್ರಶ್ನೆ ನಮ್ಮ ಕಡೆ ಬಂದೇ ಬರುತ್ತದೆ. 50,000 ರೂಪಾಯಿಯ ಚಿನ್ನದ ಆಭರಣಕ್ಕೆ ಮಜೂರಿ 12% ಅಂತ ಇಟ್ಟುಕೊಳ್ಳಿ, 6,000. ಒಟ್ಟಿನ ಮೇಲೆ 3% ಜಿಎಸ್‌ಟಿ, 1,680. ಕೊಟ್ಟದ್ದು 57,680. ಅಂಗಡಿಯಿಂದ ಹೊರಗೆ ಕಾಲಿಟ್ಟಾಗ ಕೈಯಲ್ಲಿರುವುದು 50,000ದ ಚಿನ್ನ. ಅಡವಿಟ್ಟರೆ ಅದಕ್ಕಿಂತಲೂ ಕಡಿಮೆ ಸಿಗುತ್ತದೆ, ಮೇಲೆ ಬಡ್ಡಿ. ಮಗಳ ಮದುವೆಗೆ ಅಂತ ಯೋಜನೆ ಹಾಕಿ ವರ್ಷಕ್ಕೊಮ್ಮೆ ಕೊಳ್ಳುವವರಿಗೆ ಇದು ನಡೆಯುತ್ತದೆ. ಕ್ರೆಡಿಟ್ ಕಾರ್ಡ್ ಉಜ್ಜಿ ಬಳೆ ತಂದು, ಆ ಬಿಲ್ಲು ಕಟ್ಟಲು ಹಳೆ ಸರ ಅಡವಿಡುವವರಿಗೆ ಇದು ಬಟ್ಟೆ, ಚಪ್ಪಲಿಯಷ್ಟೇ ಚಟ. ಹೊಳೆಯುತ್ತದೆ, ಅಷ್ಟೇ ವ್ಯತ್ಯಾಸ.

ಕಾರ್ಡಿನ ‘ಮಿನಿಮಮ್’ ಕಟ್ಟುತ್ತಾ ಬಂದಿದ್ದೇನೆ. ತೊಂದರೆ ಇಲ್ಲ ತಾನೇ?

ಉಂಟು, ದೊಡ್ಡದೇ ಉಂಟು. ಕ್ರೆಡಿಟ್ ಕಾರ್ಡಿನ ಬಡ್ಡಿ ಸಾಮಾನ್ಯವಾಗಿ ತಿಂಗಳಿಗೆ 3ರಿಂದ 4%. ತಿಂಗಳಿಗೆ, ವರ್ಷಕ್ಕಲ್ಲ. 50,000 ಬಾಕಿ ಇದ್ದು ಬಡ್ಡಿ 3.5% ಆದರೆ ಒಂದು ತಿಂಗಳಿಗೆ 1,750. ಅದರ ಮೇಲೆ 18% ಜಿಎಸ್‌ಟಿ, 315. ನೀವು 2,500 ಕಟ್ಟಿದಿರಿ ಅನ್ನಿ. ಅಸಲಿಗೆ ಹೋದದ್ದು ಬರೀ 435. ಅಷ್ಟೇ ಅಲ್ಲ, ಹಿಂದಿನ ಬಾಕಿ ಉಳಿದರೆ ಹೊಸ ಖರೀದಿಗೆ ಸಿಗುವ ಬಡ್ಡಿಯಿಲ್ಲದ ದಿನಗಳೂ ಹೋಗುತ್ತವೆ. ಇವತ್ತು ಕೊಂಡ ಟೀ ಶರ್ಟಿಗೆ ಇವತ್ತಿನಿಂದಲೇ ಬಡ್ಡಿ.

ಬಾಕಿ ತೀರಿದ ಮೇಲೆ ಕಾರ್ಡ್ ಮುಚ್ಚಲು ಬರೆದುಕೊಟ್ಟರೆ ಬ್ಯಾಂಕು 7 ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು. ಇದು ಆರ್‌ಬಿಐ ನಿಯಮ. ‘ಲಿಮಿಟ್ ಜಾಸ್ತಿ ಮಾಡುತ್ತೇವೆ ಸಾರ್’ ಅಂತ ಫೋನ್ ಬಂದರೆ ಬೇಡ ಅನ್ನಿ. ನಿಮ್ಮ ಒಪ್ಪಿಗೆ ಇಲ್ಲದೆ ಏರಿಸುವ ಹಾಗಿಲ್ಲ.

ಸಾಲ ಈಗಾಗಲೇ ತುಂಬಾ ಆಗಿದೆ. ಎಲ್ಲಿಂದ ಶುರು ಮಾಡಲಿ?

ಒಂದು ಹಾಳೆಯಿಂದ. ಯಾರಿಗೆ, ಎಷ್ಟು ಬಾಕಿ, ಬಡ್ಡಿ ಎಷ್ಟು, ತಿಂಗಳ ಕಂತು ಎಷ್ಟು. ಸೊಸೈಟಿ ಸಾಲ, ಸಂಘದ ವಾರದ ಕಂತು, ಚಿನ್ನದ ಅಡವು, ಭಾವನಿಂದ ತಂದ ಕೈಸಾಲ ಎಲ್ಲವೂ ಬರಲಿ. ಭಾವನ ಸಾಲವನ್ನು ಜನ ಬರೆಯದೆ ಬಿಡುತ್ತಾರೆ, ಮತ್ತೆ ಮೊದಲು ಜಗಳ ಆಗುವುದು ಅಲ್ಲೇ. ಮರೆತದ್ದು ಏನಾದರೂ ಇದೆಯಾ ಅಂತ ನೋಡಲು, ಎಲ್ಲರ ಸಾಲದ ದಾಖಲೆ ಇಡುವ ಸಿಬಿಲ್‌ನಂಥ ಸಂಸ್ಥೆಗಳಿಂದ ವರ್ಷಕ್ಕೊಮ್ಮೆ ಪೂರ್ತಿ ವರದಿ ಉಚಿತವಾಗಿ ಸಿಗುತ್ತದೆ.

ಆಮೇಲೆ ಎಲ್ಲದಕ್ಕೂ ಕನಿಷ್ಠ ಕಂತು ಕಟ್ಟಿ, ಉಳಿದದ್ದನ್ನೆಲ್ಲ ಬಡ್ಡಿ ಅತಿ ಜಾಸ್ತಿ ಇರುವ ಒಂದಕ್ಕೆ ಸುರಿಯಿರಿ. ಹೆಚ್ಚಾಗಿ ಅದು ಕಾರ್ಡು ಅಥವಾ ಲೋನ್ ಆ್ಯಪ್. ಚಿನ್ನ ಅಡವಿಟ್ಟು ಕಾರ್ಡು ತೀರಿಸುವುದು ಲೆಕ್ಕದಲ್ಲಿ ಸರಿಯೇ, ಬಡ್ಡಿ ಕಡಿಮೆ. ಆದರೆ ಕಾರ್ಡು ಮುಚ್ಚದೆ ಹಾಗೆ ಮಾಡಿದರೆ ಆರು ತಿಂಗಳಲ್ಲಿ ಚಿನ್ನವೂ ಅಡವಿನಲ್ಲಿ, ಕಾರ್ಡೂ ಭರ್ತಿ. ಮೊದಲು ನಲ್ಲಿ ಮುಚ್ಚಿ, ಆಮೇಲೆ ನೆಲ ಒರೆಸಿ.

ಆ್ಯಪ್‌ನಿಂದ ನಿನ್ನೆ ಮೊನ್ನೆ ಸಾಲ ತೆಗೆದಿದ್ದರೆ ಒಪ್ಪಂದದ ಪತ್ರ ನೋಡಿ. ನಿಯಮಬದ್ಧ ಡಿಜಿಟಲ್ ಸಾಲಕ್ಕೆ ಮನಸ್ಸು ಬದಲಿಸುವ ಅವಧಿ ಕನಿಷ್ಠ 1 ದಿನ ಇರಲೇಬೇಕು. ಅಷ್ಟರೊಳಗೆ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕೊಟ್ಟು, ದಂಡವಿಲ್ಲದೆ ಹೊರಬರಬಹುದು. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವ ಹಾಗಿಲ್ಲ. ನೆಂಟರಿಗೆ ಫೋನ್ ಮಾಡಿ ಮಾನ ಕಳೆಯುವ ಹಾಗೂ ಇಲ್ಲ. ಹಾಗೆ ಮಾಡಿದರೆ ಮೊದಲು ಆ ಬ್ಯಾಂಕ್ ಅಥವಾ ಕಂಪನಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಮಾಹಿತಿಗೆ 14448. ಬೆದರಿಕೆ ಬಂದರೆ ನೇರ ಪೊಲೀಸರಿಗೆ.

ಸಾಲದ ಯೋಚನೆಯಲ್ಲಿ ಸಾಯುವ ಮಾತು ಮನಸ್ಸಿಗೆ ಬರುತ್ತಿದ್ದರೆ ಈ ಹಾಳೆ ಗೀಳೆ ಎಲ್ಲ ಬದಿಗಿಡಿ. ಈಗಲೇ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಅಥವಾ ಹತ್ತಿರದವರನ್ನು ಕರೆದು ಜತೆಗೆ ಕೂರಿಸಿಕೊಳ್ಳಿ.

ನಮಗೆ ತಿಂಗಳ ಸಂಬಳ ಇಲ್ಲ. ಸೀಸನ್‌ನಲ್ಲಿ ಬರುತ್ತದೆ, ಸೀಸನ್‌ನಲ್ಲೇ ಹೋಗುತ್ತದೆ.

ಮಲ್ಪೆಯ ಬೋಟಿನವರಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಯಕ್ಷಗಾನ ಮೇಳದ ಕಲಾವಿದರಿಗೆ ಪತ್ತನಾಜೆಗೆ, ಅಂದರೆ ಮೇ ಕೊನೆಯ ಹೊತ್ತಿಗೆ, ಗೆಜ್ಜೆ ಬಿಚ್ಚಿದರೆ ಮುಂದಿನ ತಿರುಗಾಟದವರೆಗೆ ಕೈ ಖಾಲಿ. ಒಟ್ಟಿಗೆ ಕಟ್ಟು ನೋಟು ಕೈಗೆ ಬಂದಾಗ ಅದು ‘ಜಾಸ್ತಿ ದುಡ್ಡು’ ಅನಿಸುತ್ತದೆ. ಹಾಗೆ ಅನಿಸದ ಹಾಗೆ ಮಾಡುವುದೇ ಉಪಾಯ. ಬಂದದ್ದೆಲ್ಲ ಒಂದು ಖಾತೆಗೆ ಹೋಗಲಿ, ಅದಕ್ಕೆ ಎಟಿಎಂ ಕಾರ್ಡೂ ಯುಪಿಐಯೂ ಇರುವುದು ಬೇಡ. ವರ್ಷದ ಅಂದಾಜನ್ನು 12ರಿಂದ ಭಾಗಿಸಿ, ಅಷ್ಟನ್ನು ಪ್ರತಿ ತಿಂಗಳ 1ನೇ ತಾರೀಕು ಮನೆಖರ್ಚಿನ ಖಾತೆಗೆ ತಾನಾಗಿ ಹೋಗುವ ಹಾಗೆ ಬ್ಯಾಂಕಿಗೆ ಬರೆದುಕೊಡಿ. ನಿಮಗೆ ನೀವೇ ಸಂಬಳ ಕೊಡುವ ವ್ಯವಸ್ಥೆ ಇದು.

ಮನೆಯವರಿಗೆ ಹೇಳಲೇಬೇಕಾ?

ಹೇಳಬೇಕು. ಮುಚ್ಚಿಟ್ಟಷ್ಟು ದಿನ ಚಟಕ್ಕೆ ಊಟ ಸಿಗುತ್ತಲೇ ಇರುತ್ತದೆ. ಎಲ್ಲರಿಗೂ ಬೇಡ. ಒಬ್ಬರಿಗೆ ಸಾಕು.

ಹೇಳುವಾಗ ಪೂರ್ತಿ ಮೊತ್ತ ಒಂದೇ ಸಲ ಹೇಳಿ. ಇದು ತುಂಬಾ ಮುಖ್ಯ. ಮೊದಲು 40,000 ಅಂದು, ಮುಂದಿನ ತಿಂಗಳು ಇನ್ನೂ 60,000 ಉಂಟು ಅಂದರೆ, ಎರಡನೇ ಸಲ ಒಡೆಯುವುದು ನಂಬಿಕೆ. ದುಡ್ಡಿಗಿಂತ ಅದನ್ನು ಕಟ್ಟುವುದು ಕಷ್ಟ. ಹಾಳೆ ಕೈಯಲ್ಲಿಟ್ಟುಕೊಂಡು, ಊಟ ಆದ ಮೇಲೆ, ಮಕ್ಕಳು ಇಲ್ಲದಾಗ, ‘ನಿಮ್ಮತ್ರ ಒಂದು ವಿಷಯ ಹೇಳ್ಲಿಕ್ಕುಂಟು. ಪೂರ್ತಿ ಕೇಳಿ, ಮತ್ತೆ ಬೈಯಿರಿ’ ಅಂದರೆ ಸಾಕು. ಬೈಯುತ್ತಾರೆ. ಬೈಯಲಿ. ಕಾರಣಗಳ ಪಟ್ಟಿ ಕೊಡಬೇಡಿ, ಮುಂದೆ ಏನು ಮಾಡುತ್ತೇನೆ ಅನ್ನುವುದನ್ನು ಹೇಳಿ: ಕಾರ್ಡಿನ ಬಳಕೆ ಇವತ್ತೇ ಬಂದ್ ಮಾಡುತ್ತೇನೆ, ಖಾತೆಯ ಮೆಸೇಜು ನಿಮ್ಮ ಫೋನಿಗೂ ಬರುವ ಹಾಗೆ ಮಾಡುತ್ತೇನೆ.

ಗಂಡ ಗಲ್ಫ್‌ನಲ್ಲಿದ್ದು ಇಲ್ಲಿ ಹೆಂಡತಿ ಮನೆ ನಡೆಸುವ ಸಂಸಾರಗಳಲ್ಲಿ ಇದು ಇನ್ನಷ್ಟು ಸೂಕ್ಷ್ಮ. ಅವರು ಕಳಿಸಿದ ದುಡ್ಡು, ಇವಳ ಒಂಟಿತನ, ಮಧ್ಯೆ ಫೋನು. ಉಲ್ಟಾ ಕಥೆಯೂ ಉಂಟು. ರಜೆಗೆ ಬಂದವರು ಕಂಡಕಂಡವರಿಗೆಲ್ಲ ಉಡುಗೊರೆ ಕೊಟ್ಟು, ಹೋಟೆಲ್ ಬಿಲ್ಲೆಲ್ಲ ತಾವೇ ಎಳೆದುಕೊಂಡು, ವಾಪಸು ಹೋಗುವ ಟಿಕೆಟಿಗೆ ಸಾಲ ಮಾಡುತ್ತಾರೆ. ಊರಿಗೆ ‘ಧಾರಾಳಿ’ಯಾಗಿ ಕಾಣುವ ಈ ಚಟವನ್ನು ಯಾರೂ ಚಟ ಅನ್ನುವುದಿಲ್ಲ, ಹೊಗಳುತ್ತಾರೆ. ಅದಕ್ಕೇ ಬಿಡುವುದು ಕಷ್ಟ.

ಮದುವೆ, ನೇಮ, ಸೀಮಂತ ಅಂತ ಖರ್ಚು ತಪ್ಪುವುದೇ ಇಲ್ಲವಲ್ಲ?

ತಪ್ಪುವುದಿಲ್ಲ, ಆದರೆ ಮೊದಲೇ ಗೊತ್ತಿರುತ್ತದೆ. ಗೊತ್ತಿರುವ ಖರ್ಚಿಗೆ ತಿಂಗಳು ತಿಂಗಳು ಎತ್ತಿಡಬಹುದು. ಮದುವೆಗೆ ಅಂತ ಕಟ್ಟಿಟ್ಟ ಮೊತ್ತದ ಒಳಗೇ ಮೆಹೆಂದಿಯ ಡ್ರೆಸ್ಸೂ ಬರಬೇಕು, ಅದಕ್ಕೆ ಬೇರೆ ಲೆಕ್ಕ ಇಲ್ಲ.

ನನ್ನ ಗಂಡನಿಗೆ, ಮಗಳಿಗೆ, ಅಮ್ಮನಿಗೆ ಈ ಚಟ ಉಂಟು. ನಾನೇನು ಮಾಡಲಿ?

ಫೋನ್ ಕಿತ್ತುಕೊಂಡು ಬಿಸಾಡಬೇಡಿ. ನೆಂಟರೆದುರು ಎತ್ತಿ ಆಡಬೇಡಿ. ಕುಗ್ಗಿದ ಮನಸ್ಸೇ ಮತ್ತೆ ಅಂಗಡಿ ಹುಡುಕುವುದು.

ಇನ್ನೊಂದು ಗಟ್ಟಿ ಮಾತು: ಸಾಲವನ್ನು ಪದೇ ಪದೇ ನೀವೇ ತೀರಿಸಬೇಡಿ. ಅಮ್ಮಂದಿರು ಬಳೆ ಮಾರಿ ಮಗನ ಕಾರ್ಡು ತೀರಿಸುತ್ತಾರೆ, ಅಪ್ಪನಿಗೆ ಗೊತ್ತಾಗದ ಹಾಗೆ. ಆರು ತಿಂಗಳಿಗೆ ಅದೇ ಕಥೆ. ಸಹಾಯ ಮಾಡುವುದಾದರೆ ಒಂದು ಸಲ, ಕಾರ್ಡಿನ ಬಳಕೆ ಬಂದ್ ಆದದ್ದು ಖಾತ್ರಿಯಾದ ಮೇಲೆ, ಎಲ್ಲರಿಗೂ ಗೊತ್ತಿರುವ ಹಾಗೆ.

ಖರ್ಚು ಹಠಾತ್ತಾಗಿ ಶುರುವಾಗಿದ್ದರೆ ಬೇರೆಯೇ ದಿಕ್ಕಿನಲ್ಲಿ ಯೋಚಿಸಬೇಕು. ಹಿಡಿತದಲ್ಲಿದ್ದ ಮನುಷ್ಯ ಕೆಲವೇ ದಿನಗಳಲ್ಲಿ ಲಕ್ಷಗಟ್ಟಲೆ ಕೊಳ್ಳಲು ತೊಡಗಿದರೆ, ಜತೆಗೆ ನಿದ್ದೆಯೇ ಬೇಡವಾಗಿ, ಮಾತು ನಿಲ್ಲದೆ, ದೊಡ್ಡ ದೊಡ್ಡ ಯೋಜನೆ ಹೇಳುತ್ತಿದ್ದರೆ ಅದು ಬೈಪೋಲಾರ್ ಕಾಯಿಲೆಯ ಉನ್ಮಾದದ ಹಂತ ಇರಬಹುದು. ತಡ ಮಾಡದೆ ಮನೋವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಹಾಗೆಯೇ ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್‌ನಂಥ ಮಾತ್ರೆಗಳಿಂದ ಕೆಲವರಿಗೆ ಖರೀದಿಯ, ಜೂಜಿನ ಹುಚ್ಚು ಹಿಡಿಯುವುದುಂಟು. ಅಜ್ಜ ಇದ್ದಕ್ಕಿದ್ದಂತೆ ಟಿವಿಯಲ್ಲಿ ನೋಡಿದ್ದನ್ನೆಲ್ಲ ತರಿಸಲು ಶುರು ಮಾಡಿದರೆ ಅವರಿಗೆ ಮರುಳು ಅನ್ನುವ ಮೊದಲು ಮಾತ್ರೆಯ ಚೀಟಿ ಹಿಡಿದು ಡಾಕ್ಟರನ್ನು ಕೇಳಿ. ನೀವಾಗಿ ಮಾತ್ರೆ ನಿಲ್ಲಿಸಬೇಡಿ, ಅದು ಅಪಾಯ.

ಸಹಾಯ ಎಲ್ಲಿ ಸಿಗುತ್ತದೆ? ಊರಲ್ಲಿ ಸುದ್ದಿ ಆಗುವುದಿಲ್ಲವಾ?

ಮನೆಯಿಂದ ಹೊರಗೆ ಕಾಲಿಡದೆ ಶುರು ಮಾಡಬೇಕಾದರೆ ಟೆಲಿ-ಮಾನಸ್, 14416. ಕೇಂದ್ರ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ಉಚಿತ, ದಿನದ 24 ಗಂಟೆಯೂ, ಕನ್ನಡದಲ್ಲೇ ಮಾತಾಡಬಹುದು.

ನೇರ ಹೋಗುವುದಾದರೆ ಮಂಗಳೂರಿನಲ್ಲಿ ಸರಕಾರಿ ವೆನ್‌ಲಾಕ್ ಆಸ್ಪತ್ರೆ, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ. ಮಂಗಳೂರಿನ ಮತ್ತು ಮಣಿಪಾಲದ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿಯೂ ಮನೋರೋಗ ವಿಭಾಗಗಳಿವೆ. ಫೋನೇ ಮೂಲ ಸಮಸ್ಯೆ ಅನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ತಂತ್ರಜ್ಞಾನದ ಅತಿಬಳಕೆಗೆಂದೇ ‘ಶಟ್’ ಎಂಬ ಕ್ಲಿನಿಕ್ ಇದೆ.

ಗುಟ್ಟಿನ ಬಗ್ಗೆ ಹೆದರಿಕೆ ಸಹಜ. ಕ್ಲಿನಿಕ್‌ನ ಬೆಂಚಿನಲ್ಲಿ ಪಕ್ಕದ ಮನೆಯವರೇ ಸಿಗುವ ಊರು ನಮ್ಮದು. ಆದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ನಿಮ್ಮ ಚಿಕಿತ್ಸೆಯ ವಿಷಯ ಗುಟ್ಟಾಗಿ ಇಡಿಸಿಕೊಳ್ಳುವುದು ನಿಮ್ಮ ಹಕ್ಕು. ಮತ್ತೆ, ಬೆಂಚಿನಲ್ಲಿ ಸಿಕ್ಕಿದ ಪಕ್ಕದ ಮನೆಯವರೂ ಏನೋ ಕಾರಣಕ್ಕೆ ಬಂದಿರುತ್ತಾರಲ್ಲ ಮಾರಾಯ್ರೆ.

ಅಲ್ಲಿ ಏನು ಮಾಡುತ್ತಾರೆ? ಮಾತ್ರೆ ಕೊಡುತ್ತಾರಾ?

ಮೊದಲು ಮಾತಾಡಿಸುತ್ತಾರೆ. ಖರೀದಿಯ ಹಿಂದೆ ಖಿನ್ನತೆ, ಆತಂಕ ಇದೆಯಾ ನೋಡುತ್ತಾರೆ. ಇದ್ದರೆ ಅದಕ್ಕೆ ಮಾತ್ರೆ ಬರಬಹುದು. ಖರೀದಿ ಚಟಕ್ಕೇ ಅಂತ ಒಪ್ಪಿಗೆ ಪಡೆದ ಮಾತ್ರೆ ಇಲ್ಲ. ಹೆಚ್ಚು ಪ್ರಯೋಜನ ಕಂಡಿರುವುದು ಯೋಚನೆ ಮತ್ತು ನಡವಳಿಕೆಯ ಕೊಂಡಿಯನ್ನು ಬಿಡಿಸುವ ಮಾತಿನ ಚಿಕಿತ್ಸೆ, ಸಿಬಿಟಿ. ವಾರಕ್ಕೊಮ್ಮೆಯಂತೆ ಕೆಲವು ತಿಂಗಳು ಹೋಗಬೇಕಾಗುತ್ತದೆ. ನೀವು ಬರೆದಿಟ್ಟ ಹೊತ್ತಿನ ಪುಸ್ತಕ ತೆಗೆದುಕೊಂಡು ಹೋದರೆ ಮೊದಲ ಭೇಟಿಯಲ್ಲೇ ಅರ್ಧ ಕೆಲಸ ಆಗಿರುತ್ತದೆ.

ಪೂರ್ತಿ ಕೊಳ್ಳುವುದನ್ನೇ ನಿಲ್ಲಿಸಬೇಕಾ?

ಕುಡಿತದ ಹಾಗೆ ಇದನ್ನು ಪೂರ್ತಿ ಬಿಡಲಿಕ್ಕೆ ಆಗದು. ನಾಳೆ ಅಕ್ಕಿ ತರಲೇಬೇಕು. ಅದಕ್ಕೇ ಪೂರ್ತಿ ಉಪವಾಸ ಮಾಡುವವರು ಒಂದು ತಿಂಗಳು ತಡೆದು ಮುಂದಿನ ತಿಂಗಳು ಎರಡರಷ್ಟು ಕೊಳ್ಳುತ್ತಾರೆ. ತಿಂಗಳಿಗೆ ಇಷ್ಟು ಅಂತ ಸುಮ್ನೆ ಖರ್ಚು ಮಾಡಲಿಕ್ಕೆ ಇಟ್ಟುಕೊಳ್ಳಿ. ಅದರ ಲೆಕ್ಕ ಯಾರೂ ಕೇಳಬಾರದು.

ಜತೆಗೆ ಪಿಗ್ಮಿ ಶುರು ಮಾಡಿ. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರು ಮಾಡಿದ್ದು ಇದು, ಏಜೆಂಟರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಎತ್ತುತ್ತಿದ್ದರು. ನಮ್ಮ ಸೊಸೈಟಿಗಳಲ್ಲಿ ಈಗಲೂ ಪಿಗ್ಮಿ ಕಲೆಕ್ಟರ್ ಬರುತ್ತಾರೆ. ಬಡ್ಡಿಯ ಆಸೆಗೆ ಅಂತ ಹೇಳುತ್ತಿಲ್ಲ, ಬಡ್ಡಿ ದೊಡ್ಡದೇನಲ್ಲ. ದಿನಾ ಸಂಜೆ ಒಬ್ಬ ಮನುಷ್ಯ ಎದುರು ನಿಂತು ‘ಅಕ್ಕ, ಇವತ್ತಿನದ್ದು?’ ಅಂತ ಕೇಳುತ್ತಾನಲ್ಲ, ಅದು ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ.

ನಡುವೆ ಮತ್ತೆ ಜಾರಿದರೆ?

ಜಾರುತ್ತೀರಿ. ಮೊದಲು ಹೇಳಿಕೊಂಡಿದ್ದ ಆ ಒಬ್ಬರಿಗೆ ಅದೇ ದಿನ ಹೇಳಿ, ವಾಪಸು ಮಾಡಲು ಆಗುವುದಾದರೆ ವಾಪಸು ಮಾಡಿ, ಯಾವ ದಾರಿಯಲ್ಲಿ ದುಡ್ಡು ಹೋಯಿತೋ ಅದನ್ನು ಮುಚ್ಚಿ. ‘ಹೇಗೂ ಹಾಳಾಯಿತಲ್ಲ’ ಅಂತ ಅದೇ ರಾತ್ರಿ ಇನ್ನೂ ನಾಲ್ಕು ಆರ್ಡರ್ ಹಾಕುವುದಿದೆಯಲ್ಲ, ನಷ್ಟ ಆಗುವುದು ಹೆಚ್ಚಾಗಿ ಅಲ್ಲಿ.

ಮನೆ ತುಂಬಾ ಬಿದ್ದಿರುವ ವಸ್ತುಗಳನ್ನು ಏನು ಮಾಡಲಿ?

ವಾಪಸಿನ ಗಡುವು ಮುಗಿಯದ್ದನ್ನು ಇವತ್ತೇ ಕಳಿಸಿ. ಉಳಿದದ್ದರಲ್ಲಿ ಮಾರಲು ಆಗುವುದನ್ನು ಮಾರಿ, ಆ ದುಡ್ಡು ನೇರ ಸಾಲದ ಖಾತೆಗೆ ಹೋಗಲಿ. ನಿಮ್ಮ ಯುಪಿಐಗೆ ಬಂದರೆ ಅದು ಮತ್ತೆ ಅಂಗಡಿಗೇ ಹೋಗುತ್ತದೆ. ಚರ್ಮದ ಬ್ಯಾಗು, ಶೂಗಳನ್ನು ‘ಮಳೆಗಾಲ ಮುಗಿಯಲಿ, ನೋಡುವ’ ಅಂತ ಇಡಬೇಡಿ. ನಮ್ಮ ಹವೆಗೆ ಆಗಸ್ಟ್ ಹೊತ್ತಿಗೆ ಬೂಷ್ಟು ಹಿಡಿದು ಮಾರಲೂ ಆಗದು, ಕೊಡಲೂ ಆಗದು. ಹೊಸ ಬಟ್ಟೆ ಯಾರಿಗಾದರೂ ಕೊಡುವುದಾದರೆ ಬೆಲೆಯ ಚೀಟಿ ಕಿತ್ತು ಕೊಡಿ. ಆ ಚೀಟಿಗಳನ್ನು ಮಾತ್ರ ಬಿಸಾಡಬೇಡಿ, ಹೊತ್ತಿನ ಪುಸ್ತಕದಲ್ಲಿ ಅಂಟಿಸಿ ಕೂಡಿಸಿ ನೋಡಿ. ಡಾಕ್ಟರಿಗೂ ಅದು ಬೇಕಾಗುತ್ತದೆ.